ಕಚ್ಚಿಕೊಂಡ ಸೇಫ್ಟಿ, ಬಿಡಿಸುವ ಕೈ

ಜೋಡಿನಳಿಗೆ ಕೋವಿಯ ಮೇಲ್ಭಾಗದಲ್ಲಿ, ನಳಿಗೆ ತೆರೆಯುವ ಸನ್ನೆಯ ಹಿಂದೆ, ಹೆಬ್ಬೆರಳಿಗೆ ಸಿಗುವಂತೆ ಒಂದು ಪುಟ್ಟ ಗುಂಡಿ ಇರುತ್ತದೆ. ಹಿಂದಕ್ಕೆ ಸರಿಸಿದರೆ ಟ್ರಿಗರ್‌ಗೆ ಬೀಗ, ಮುಂದಕ್ಕೆ ತಳ್ಳಿದರೆ ಈಡಿಗೆ ಸಿದ್ಧ. ಬಹಳಷ್ಟು ಇಂಗ್ಲಿಷ್ ಕೋವಿಗಳಲ್ಲಿ ಬೀಗ ಬಿದ್ದಾಗ 'ಸೇಫ್' ಎಂಬ ಪದ ಕಾಣುತ್ತದೆ, ಗುಂಡಿ ಮುಂದೆ ಸರಿದಾಗ ಅದರಡಿ ಮರೆಯಾಗುತ್ತದೆ. ಕೊಡಗಿನ ಕೋವಿ ರಿಪೇರಿಯವರ ಮೇಜಿಗೆ ಬರುವ ದೂರುಗಳಲ್ಲಿ ಈ ಗುಂಡಿಯದ್ದೂ ಒಂದು: ಸೇಫ್ಟಿ ಕಚ್ಚಿಕೊಂಡಿದೆ, ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು.

ಕಚ್ಚಿಕೊಳ್ಳುವುದಕ್ಕೆ ಕಾರಣ ಅಲ್ಲಿನ ಮಳೆ, ಮತ್ತು ಕೆಲಸವಿಲ್ಲದೆ ಕೂತ ಕೋವಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಶಿಕಾರಿಯ ಕಾಲ ಮುಗಿಯಿತು. ಆಗಾಗ ಕಾಡಿಗೆ ಹೋಗಿ ಬಂದು, ಬಿಚ್ಚಿ, ಒರೆಸಿ, ಎಣ್ಣೆ ಕಾಣುತ್ತಿದ್ದ ಕೋವಿ ಈಗ ಅನೇಕ ಮನೆಗಳಲ್ಲಿ ಹಬ್ಬಕ್ಕೆ ಮಾತ್ರ ಹೊರಬರುತ್ತದೆ. ಒಳಗಿನ ಹಳೆಯ ಎಣ್ಣೆ ಒಣಗಿ ಅಂಟಾಗುತ್ತದೆ, ಮಳೆಗಾಲದ ತೇವಕ್ಕೆ ತುಕ್ಕು ಏಳುತ್ತದೆ. ಎರಡೂ ಸೇರಿದರೆ ಗುಂಡಿಯ ಕೆಳಗಿನ ತೆಳು ಸ್ಪ್ರಿಂಗ್ ಅಲುಗಾಡುವುದಿಲ್ಲ.

ನಾಟಿ ಕೆಲಸ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಬರುವ ಕೈಲ್‌ಪೊಳ್ದ್ ಆಯುಧಗಳ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ ದೀಪದ ಮುಂದಿಟ್ಟು ಪೂಜಿಸುತ್ತಾರೆ. ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕನ್ನಡದಲ್ಲಿ ಅಗ್ನಿಶಿಖೆ ಎನ್ನುವ, ಬೆಂಕಿಯ ನಾಲಗೆಯಂಥ ಕೆಂಪು ಹಳದಿ ಹೂ ಅದು. ಅಕ್ಕಿ ಉಂಡೆಯ ಕಡಂಬುಟ್ಟು, ಹಂದಿಮಾಂಸದ ಪಂದಿಕರಿಯ ಊಟ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ. ಹೂವಿನ ತೊಟ್ಟು ಮುರಿದು ನಳಿಗೆಯೊಳಗೆ ಉಳಿದಿಲ್ಲವೆಂದು ನೋಡಿಕೊಂಡೇ ತೋಟಾ ತುಂಬಬೇಕು, ಏಕೆಂದರೆ ಅಡ್ಡಿ ಇರುವ ನಳಿಗೆ ಸಿಡಿಯಬಹುದು. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗಲೂ ಈಡು ಹಾರಿಸುವುದುಂಟು. ಗಂಡುಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಎಂಬುದು ಹಳೆಯ ಪದ್ಧತಿ. ಇಂಥ ನಾಡಿನಲ್ಲಿ ಕೋವಿ ಹಾಳಾಯಿತೆಂದು ಮೂಲೆಗೆ ಎಸೆಯಲಾಗುವುದಿಲ್ಲ.

ರಿಪೇರಿಗೆ ಬಂದ ಕೋವಿಯನ್ನು ಮೇಸ್ತ್ರಿ ಮೊದಲು ನಂಬುವುದಿಲ್ಲ. ಖಾಲಿ ಇದೆ ಎಂದು ಯಜಮಾನರು ಎಷ್ಟು ಹೇಳಿದರೂ, ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ ತೆರೆದು ತೋಟಾ ಕೂರುವ ಎರಡೂ ಕೋಣೆಗಳನ್ನು ತಾನೇ ನೋಡುತ್ತಾನೆ. ಅಲ್ಲಿ ತೋಟಾ ಸಿಕ್ಕಿಕೊಂಡಿದ್ದರೆ ಕೆಲಸದ ರೀತಿಯೇ ಬೇರೆ. ಕಾಗದದ ಹಳೆಯ ತೋಟಾಗಳು ತೇವ ಕುಡಿದು ಉಬ್ಬುತ್ತವೆ; ಕೋಣೆಯ ಗೋಡೆಯಲ್ಲಿ ತುಕ್ಕಿನ ಕುಳಿಗಳಿದ್ದರೆ ಪ್ಲಾಸ್ಟಿಕ್ಕಿನವೂ ಹಿಡಿದುಕೊಳ್ಳುತ್ತವೆ. ಜೀವಂತ ತೋಟಾ ಇರುವಾಗ ಸರಳು ತೂರಿಸಿ ಕುಟ್ಟುವುದೆಂದರೆ ಸಾವನ್ನು ಕರೆದಂತೆ. ಸಿಕ್ಕಿಕೊಳ್ಳುವುದು ತೋಟಾ ಮಾತ್ರವಲ್ಲ, ತೋಟಾದ ಆಕಾರದ ಬೀಗಗಳೂ ಇವೆ: ಕೋಣೆಗೆ ಕೂರಿಸಿ ಕೀಲಿ ತಿರುಗಿಸಿದರೆ ಹಿಗ್ಗಿ ಕಚ್ಚಿಕೊಳ್ಳುತ್ತವೆ. ಅಂಥದ್ದು ಸಿಕ್ಕಿಕೊಂಡರೆ ಎಣ್ಣೆ ಇಳಿಸಿ, ಕಾದು, ಹಿತ್ತಾಳೆ ಅಥವಾ ಮರದ ಸರಳಿನಿಂದ ಹಗುರವಾಗಿ ತಳ್ಳುತ್ತಾರೆ. ಉಕ್ಕಿನ ಸರಳು ಒಳಮೈಯನ್ನು ಗೀರುತ್ತದೆ.

ಸೇಫ್ಟಿಯ ಕೆಲಸ ಇನ್ನೂ ನಾಜೂಕು. ಮುಂಬದಿಯ ಮರ ತೆಗೆದು, ನಳಿಗೆ ಕಳಚಿಟ್ಟು, ಆಮೇಲೆ ಸ್ಕ್ರೂಗಳ ಸರದಿ. ಉತ್ತಮ ಇಂಗ್ಲಿಷ್ ಕೋವಿಯಲ್ಲಿ ಸ್ಕ್ರೂ ತಲೆಯ ಗೀರು ಕೂದಲಿನಷ್ಟು ತೆಳು. ಅಷ್ಟೇ ಅಲ್ಲ, ಎಲ್ಲ ಗೀರುಗಳೂ ಕೋವಿಯ ಉದ್ದಕ್ಕೆ ಒಂದೇ ನೇರಕ್ಕೆ ನಿಂತಿರುತ್ತವೆ. ಒಂದು ಸೊಟ್ಟಗಿದ್ದರೂ ಹಿಂದೆ ಯಾರೋ ಅನುಭವವಿಲ್ಲದವರು ಕೈ ಹಾಕಿದ್ದಾರೆಂದು ಮೇಸ್ತ್ರಿಗೆ ಗೊತ್ತಾಗುತ್ತದೆ. ಅಂಗಡಿಯಲ್ಲಿ ಸಿಗುವ ಸ್ಕ್ರೂಡ್ರೈವರ್ ಅಲ್ಲಿ ಹೊಂದುವುದಿಲ್ಲ. ತುದಿಯನ್ನು ಆಯಾ ಗೀರಿಗೆ ತಕ್ಕಂತೆ ಅರದಿಂದ ಉಜ್ಜಿ ಮಾಡಿಕೊಳ್ಳಬೇಕು, ಇಲ್ಲವಾದರೆ ಗೀರು ಕಿತ್ತುಹೋಗುತ್ತದೆ. ಒಳಗೆ ಗುಂಡಿಯಿಂದ ಇಳಿದ ಸಣ್ಣ ಕಾಲು ಟ್ರಿಗರ್ ಪಟ್ಟಿಗಳ ಮೇಲೆ ಕೂತಿರುತ್ತದೆ. ಅಂಟು ಕರಗಿಸಲು ಸೀಮೆಎಣ್ಣೆ, ತುಕ್ಕಿಗೆ ತಾಳ್ಮೆ. ಗುಂಡಿಯನ್ನು ಸುತ್ತಿಗೆಯಿಂದ ಬಡಿಯುವುದು ಮಾತ್ರ ಕೂಡದು. ಹಾಗೆ ಬಡಿದಾಗ ಕಾಲು ಬಾಗಿ, ಬೀಗ ಬಿದ್ದಂತೆ ಕಂಡರೂ ಬೀಳದ ಕೋವಿ ತಯಾರಾಗುತ್ತದೆ. ಮೊಂಡುತನದಿಂದ ಮುಂದಕ್ಕೂ ಹಿಂದಕ್ಕೂ ಬಾರದ ಸೇಫ್ಟಿಗಿಂತ ಇದು ಹೆಚ್ಚು ಅಪಾಯಕಾರಿ.

ಇನ್ನೊಂದು ವಿಷಯ ಕೋವಿ ಇರುವವರೆಲ್ಲ ತಿಳಿದಿರಬೇಕು. ಸಾಮಾನ್ಯ ಜೋಡಿನಳಿಗೆಯ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ತೋಟಾಕ್ಕೆ ಹೊಡೆತ ಕೊಡುವ ಒಳಗಿನ ಕುದುರೆಯನ್ನಲ್ಲ. ಕೋವಿ ಕೈಜಾರಿ ನೆಲಕ್ಕೆ ಬಿದ್ದರೆ ಬೀಗ ಹಾಕಿದ್ದಾಗಲೂ ಈಡು ಹಾರಬಹುದು. ಕುದುರೆಯನ್ನೂ ಹಿಡಿಯುವ ಎರಡನೇ ಕೊಕ್ಕೆ ಇರುವುದು ದುಬಾರಿ ಕೋವಿಗಳಲ್ಲಿ.

ಕೊಡಗಿನ ಮನೆಗಳಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇರುವುದರ ಚರಿತ್ರೆ ಎಲ್ಲರಿಗೂ ಗೊತ್ತಿರುವುದೇ. 1834ರಲ್ಲಿ ಚಿಕ್ಕವೀರರಾಜನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಕ್ಕೆ ತೆಗೆದುಕೊಂಡರು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಸ್ವಾತಂತ್ರ್ಯದ ನಂತರವೂ ಆ ವಿನಾಯಿತಿ ಕೊಡವರಿಗೂ ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವವರದ್ದು. ರಿಪೇರಿ ಮಾಡುವವರಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಐದನೇ ಕಲಮಿನಂತೆ ಲೈಸೆನ್ಸ್ ಬೇಕೇ ಬೇಕು. ಅದು ಇರಬೇಕಾದದ್ದೇ, ತಕರಾರಿಲ್ಲ. ತೊಂದರೆ ಇರುವುದು ಕಲಿಕೆಯಲ್ಲಿ. ವರ್ಷಕ್ಕೊಮ್ಮೆ ಹಬ್ಬದ ಹೊತ್ತಿಗೆ ಬರುವ ಕೆಲಸವನ್ನೇ ನಂಬಿ ಹೊಸ ಹುಡುಗರು ಮೇಜಿನ ಪಕ್ಕ ಕೂರುವುದು ಕಷ್ಟ. ಮುರಿದ ವಿ ಆಕಾರದ ಸ್ಪ್ರಿಂಗಿಗೆ ಬದಲಿ ಅಂಗಡಿಯಲ್ಲಿ ಸಿಗದು. ಉಕ್ಕಿನ ಪಟ್ಟಿಯನ್ನು ಅರದಿಂದ ತಿದ್ದಿ, ಬಾಗಿಸಿ, ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ, ಮತ್ತೆ ನೀಲಿ ಬಣ್ಣ ಬರುವಷ್ಟೇ ಕಾಯಿಸಿ ಹದಗೊಳಿಸಬೇಕು. ಹದ ಸ್ವಲ್ಪ ತಪ್ಪಿದರೂ ಸ್ಪ್ರಿಂಗ್ ಮುರಿಯುತ್ತದೆ, ಇಲ್ಲವೇ ಸೋಲುತ್ತದೆ. ಅದನ್ನು ಕಣ್ಣು ಕಲಿಯುವುದಕ್ಕೆ ವರ್ಷಗಳೇ ಬೇಕು.

ಹಳೆಯ ಕೋವಿಯ ನಳಿಗೆ ಕಳಚಿ ಅಡಿಭಾಗ ನೋಡಿದರೆ ನಳಿಗೆಗಳ ಬಲ ಪರೀಕ್ಷಿಸುವ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ ಮುದ್ರೆಗಳು ಕಾಣಬಹುದು. ಆ ಸಂಸ್ಥೆ 1813ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಯ್ದೆಯಿಂದ ಹುಟ್ಟಿತು, ಇಂದಿಗೂ ಕೆಲಸ ಮಾಡುತ್ತಿದೆ. ಇಂಥ ಹಳೆಯ ಕೋವಿಯಲ್ಲಿ ತೋಟಾ ಕೂರುವ ಕೋಣೆ ಅನೇಕ ವೇಳೆ 65 ಮಿಲಿಮೀಟರ್ ಉದ್ದದ್ದು, ಇಂದಿನ ಹನ್ನೆರಡು ಬೋರಿನ ತೋಟಾ ಸಾಮಾನ್ಯವಾಗಿ 70. ತುಂಬುವಾಗ ಅದು ಒಳಗೆ ಕೂರುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಇದನ್ನು ಅಳೆದು ಹೇಳುವ ಮೇಸ್ತ್ರಿ ಇಲ್ಲದ ಊರಿನಲ್ಲಿ ಅಜ್ಜನ ಕೋವಿಗೆ ಮೊಮ್ಮಗ ಯಾವ ತೋಟಾ ಹಾಕಬೇಕು?

2029ರ ಅಕ್ಟೋಬರ್‌ಗೆ ವಿನಾಯಿತಿಯ ಅವಧಿ ಮುಗಿಯುತ್ತದೆ. ಆಗ ಮತ್ತೆ ಮನವಿಗಳು ಹೋಗುತ್ತವೆ, ವಕೀಲರು ವಾದ ಸಿದ್ಧಪಡಿಸುತ್ತಾರೆ. ಆ ಮನವಿಯಲ್ಲಿ ರಿಪೇರಿಯವರ ಪರವಾಗಿಯೂ ಒಂದು ಸಾಲು ಸೇರಬೇಕು: ಲೈಸೆನ್ಸ್ ಇರುವ ಮೇಸ್ತ್ರಿಯ ಕೈಕೆಳಗೆ, ಸರ್ಕಾರದ ಮಾನ್ಯತೆಯೊಂದಿಗೆ, ಇಬ್ಬರು ಮೂವರು ಹುಡುಗರಾದರೂ ಈ ಕೆಲಸ ಕಲಿಯುವ ವ್ಯವಸ್ಥೆ ಆಗಲಿ ಎಂದು.