ವಾಸದ ಮನೆಗೆ ಹೊಸ ತೊಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದಾಗ ಗಣಕಯಂತ್ರವಿನ್ನೂ ಹುಟ್ಟಿರಲಿಲ್ಲ. ಹುಟ್ಟಿದ್ದರೆ ‘ಗಣಕದ ವ್ಯವಸ್ಥೆ ಬದಲಾಯಿಸಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೋ ಏನೋ! ಸಂಸಾರ ಒಳಗಿರುವಂತೆಯೇ ಮನೆಯ ತೊಲೆ, ಜಂತಿಗಳನ್ನೆಲ್ಲ ಬದಲಾಯಿಸುವ ಕೆಲಸ ಅದು.

ಯಂತ್ರಕ್ಕೂ ಮನುಷ್ಯನಿಗೂ ನಡುವೆ ನಿಂತು, ಕಡತಗಳನ್ನು ಕಾಯುತ್ತ, ಕಾರ್ಯಕ್ರಮಗಳಿಗೆ ಸರದಿ ಹಂಚುತ್ತ ಯಜಮಾನಿಕೆ ನಡೆಸುವುದು ಆಪರೇಟಿಂಗ್ ಸಿಸ್ಟಂ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ಯೂನಿಕ್ಸಿಗೆ ಅಸ್ತಿಭಾರ ಹಾಕಿದರು. ಅದೇ ಜಾಡಿನಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಲಿನಕ್ಸಿನ ತಿರುಳನ್ನು ರಚಿಸಿದನು. ಆ ತಿರುಳಿನ ಸುತ್ತ ಇಯಾನ್ ಮರ್ಡಾಕ್ ೧೯೯೩ರಲ್ಲಿ ಕಟ್ಟತೊಡಗಿದ ವ್ಯವಸ್ಥೆಯೇ ಡೆಬಿಯನ್. ಪ್ರಿಯತಮೆ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಬೆಸೆದು ಆತನು ಇಟ್ಟ ನಾಮಕರಣವದು.

ಅದರ ಆವೃತ್ತಿಗಳಿಗೆ ‘ಟಾಯ್ ಸ್ಟೋರಿ’ ಚಿತ್ರಮಾಲೆಯ ಪಾತ್ರಗಳ ಹೆಸರು. ೧೯೯೬ರಲ್ಲಿ ಬಂದದ್ದು ‘ಬಝ್’. ೨೦೨೩ರಲ್ಲಿ ೧೨ನೆಯದಾಗಿ ‘ಬುಕ್‌ವರ್ಮ್’. ೨೦೨೫ನೆಯ ಆಗಸ್ಟ್ ೯ರಂದು ೧೩ನೆಯದಾಗಿ ‘ಟ್ರಿಕ್ಸಿ’. ಸದಾ ಕಟ್ಟುತ್ತ ಕೆಡವುತ್ತ ಇರುವ ಪ್ರಯೋಗದ ಆವೃತ್ತಿಗೆ ಮಾತ್ರ ‘ಸಿಡ್’ ಎಂದು ಹೆಸರು. ಚಿತ್ರದಲ್ಲಿ ಗೊಂಬೆಗಳನ್ನು ಮುರಿಯುವ ತುಂಟ ಹುಡುಗ ಅವನೇ!

ಚೆನ್ನಾಗಿ ನಡೆಯುತ್ತಿರುವುದನ್ನು ಬದಲಿಸುವುದೇಕೆ? ಒಂದು ಆವೃತ್ತಿಗೆ ಮೂರು ವರ್ಷ ಪೂರ್ಣ ಆರೈಕೆ, ಅನಂತರ ಎರಡು ವರ್ಷ ದೀರ್ಘಕಾಲದ ಆರೈಕೆ ದೊರೆಯುತ್ತದೆ. ಬಳಿಕ ಹೊಸದಾಗಿ ಪತ್ತೆಯಾಗುವ ಬಿರುಕುಗಳನ್ನು ಮುಚ್ಚುವವರಿಲ್ಲ. ಯಂತ್ರ ಎಂದಿನಂತೆಯೇ ನಡೆಯುತ್ತದೆ. ಆದರೆ ಮನೆಮಂದಿಯ ಲೆಕ್ಕಪತ್ರ, ಭಾವಚಿತ್ರಗಳೆಲ್ಲ ಅಗುಳಿಯಿಲ್ಲದ ಬಾಗಿಲಿನ ಹಿಂದೆ ಉಳಿಯುತ್ತವೆ.

ಬಲ್ಲವರು ಈ ಕೆಲಸವನ್ನು ಅವಸರದಲ್ಲಿ ಮಾಡರು. ಮೊದಲು ಎಲ್ಲ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡುವರು. ಹೊಸ ಆವೃತ್ತಿಯ ಜತೆ ಪ್ರಕಟವಾಗುವ ಸೂಚನಾಪತ್ರವನ್ನು ಪೂರ್ತಿ ಓದುವರು. ಹಳೆಯ ವ್ಯವಸ್ಥೆಯ ಬಾಕಿ ತಿದ್ದುಪಡಿಗಳನ್ನು ಮುಗಿಸಿ, ಡಿಸ್ಕಿನಲ್ಲಿ ಸ್ಥಳವಿದೆಯೇ ಎಂದು ನೋಡುವರು. ತಂತ್ರಾಂಶ ತರಿಸುವ ವಿಳಾಸಪಟ್ಟಿಯಲ್ಲಿ ಹೊಸ ಹೆಸರು ಬರೆದ ಮೇಲೆ, ಮೊದಲು ಇರುವುದನ್ನಷ್ಟೇ ನವೀಕರಿಸಿ, ಆಮೇಲೆ ಪೂರ್ಣ ಬದಲಾವಣೆಗೆ ಆಜ್ಞೆ ಕೊಡುವರು. ಒಡೆಯನು ತನ್ನ ಕೈಯಾರೆ ತಿದ್ದಿದ ಕಡತ ಎದುರಾದರೆ ಯಂತ್ರ ತಾನಾಗಿ ಅಳಿಸದು. ಹಳೆಯದಿರಲೋ ಹೊಸದು ಬರಲೋ ಎಂದು ಕೇಳುತ್ತದೆ. ಒಮ್ಮೆಗೆ ಒಂದೇ ಮೆಟ್ಟಿಲು: ೧೧ರಿಂದ ೧೩ಕ್ಕೆ ನೆಗೆಯುವಂತಿಲ್ಲ, ೧೨ನ್ನು ಹಾದೇ ಹೋಗಬೇಕು.

ಟ್ರಿಕ್ಸಿಯೊಳಗೆ ಒಂದು ದೂರಾಲೋಚನೆಯೂ ಅಡಗಿದೆ. ಯೂನಿಕ್ಸ್ ವಂಶದ ಯಂತ್ರಗಳು ೧೯೭೦ನೆಯ ಜನವರಿ ೧ರಿಂದ ಕಳೆದ ಸೆಕೆಂಡುಗಳನ್ನೆಣಿಸಿ ಕಾಲ ಹೇಳುತ್ತವೆ. ಎಣಿಕೆಗೆ ೩೨ ಬಿಟ್ಟುಗಳಷ್ಟೇ ಸ್ಥಳವಿದ್ದರೆ ಅದು ೨೧೪,೭೪,೮೩,೬೪೭ರ ಆಚೆಗೆ ಸಾಗದು. ೨೦೩೮ನೆಯ ಜನವರಿ ೧೯ರಂದು, ಭಾರತೀಯ ಕಾಲಮಾನದ ಬೆಳಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ ಆ ಅಳತೆ ತುಂಬುತ್ತದೆ. ಮರುಕ್ಷಣವೇ ಅಂಥ ಗಡಿಯಾರ ೧೯೦೧ನೆಯ ಡಿಸೆಂಬರಿಗೆ ಹಿಂದೆ ಹಾರುತ್ತದೆ. ಆದ್ದರಿಂದ ಟ್ರಿಕ್ಸಿಯಲ್ಲಿ ಹಳೆಯ ೩೨ ಬಿಟ್ಟಿನ ಇಂಟೆಲ್ ಬಗೆಯೊಂದನ್ನುಳಿದು ಎಲ್ಲ ಬಗೆಯ ಯಂತ್ರಗಳಿಗೂ ೬೪ ಬಿಟ್ಟುಗಳ ಕಾಲಗಣನೆ ಬಂದಿದೆ.

ಹೊರಗುಳಿದ ಆ ಬಗೆಯ ಗಣಕಗಳಿಗೆ ಟ್ರಿಕ್ಸಿಯಲ್ಲಿ ತಿರುಳೂ ಇಲ್ಲ, ಸ್ಥಾಪಿಸುವ ಸಾಧನವೂ ಇಲ್ಲ. ಅವುಗಳ ಒಡೆಯರು ಈ ಮೆಟ್ಟಿಲನ್ನು ಏರಬಾರದೆಂದು ಸೂಚನಾಪತ್ರವೇ ತಿಳಿಸುತ್ತದೆ. ಹಳೆಯ ಗಣಕವನ್ನು ಜೋಪಾನವಾಗಿಟ್ಟುಕೊಂಡ ಮನೆಗಳಲ್ಲಿ ಆಜ್ಞೆಯ ಗುಂಡಿಯೊತ್ತುವ ಮುನ್ನ ಆ ಪತ್ರವನ್ನೋದಲು ಅರ್ಧ ಗಂಟೆ ಕೊಟ್ಟರೆ, ಆಮೇಲೆ ಇಡೀ ರಾತ್ರಿ ಪರದಾಡುವ ಪ್ರಸಂಗ ತಪ್ಪೀತು.