ಮನೆಯಲ್ಲೊಂದು ನಾಣ್ಯಸಂಗ್ರಹ

ದ್ರವ್ಯವನ್ನು ಕೂಡಿಡುವುದು ಬೇರೆ, ನಾಣ್ಯಗಳನ್ನು ಸಂಗ್ರಹಿಸುವುದು ಬೇರೆ. ಮೊದಲನೆಯದರಲ್ಲಿ ರೂಪಾಯಿಗಳೆಲ್ಲವೂ ಒಂದೇ. ಎರಡನೆಯದರಲ್ಲಿಯಾದರೋ ಒಂದೊಂದು ನಾಣ್ಯವೂ ಒಂದೊಂದು ದೇಶದ ಚರಿತ್ರೆಯನ್ನೂ ಲಿಪಿಯನ್ನೂ ಶಿಲ್ಪವನ್ನೂ ಎರಡು ಬೆರಳಗಲದ ಮೈಮೇಲೆ ಹೊತ್ತಿರುವುದು. ಈಗ ಕನ್ನಡನಾಡಿನ ಅನೇಕ ಮನೆಗಳಿಂದ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ದೇಶಾಂತರಗಳಿಗೆ ಹೋಗಿಬರುತ್ತಿದ್ದಾರೆ. ಅವರ ಚೀಲದ ಮೂಲೆಯಲ್ಲಿ ಉಳಿದುಬಂದ ಪರದೇಶದ ಚಿಲ್ಲರೆಯನ್ನು ಹಣ ಬದಲಾಯಿಸುವವರು ಸಾಮಾನ್ಯವಾಗಿ ಕೊಳ್ಳುವುದಿಲ್ಲವಾದುದರಿಂದ, ಅದು ಮೇಜಿನ ಖಾನೆಯಲ್ಲಿ ಬಿದ್ದಿದ್ದು ಕ್ರಮೇಣ ಕಳೆದುಹೋಗುವುದು. ಹೀಗೆ ವ್ಯರ್ಥವಾಗುವುದನ್ನು ಮನೆಯ ಬಾಲಕ ಬಾಲಿಕೆಯರ ವಿದ್ಯೆಯನ್ನಾಗಿ ಮಾಡಿಕೊಳ್ಳುವ ಬಗೆಯನ್ನು ವಾಚಕ ಮಹಾಶಯರಲ್ಲಿ ಅರಿಕೆಮಾಡಲಿಚ್ಛಿಸುವೆವು.

ಮೊದಲು ಹೆಸರುಗಳನ್ನೇ ವಿಚಾರಿಸೋಣ. 'ರೂಪ' ಎಂಬ ಶಬ್ದದಿಂದ, ಮುದ್ರೆಯೊತ್ತಿದ್ದೆಂಬ ಅರ್ಥದಲ್ಲಿ, 'ರೂಪ್ಯ' ಎಂಬ ಪದವು ಸಿದ್ಧವಾಗುವುದೆಂದು ಪಾಣಿನಿಯು ವಿಧಿಸಿದ್ದಾನೆ. ನಮ್ಮ ರೂಪಾಯಿಯ ಮೂಲವು ಇದೇ. ರೋಮಕರ 'ದಿನಾರಿಯಸ್' ನಮ್ಮ ಗ್ರಂಥಗಳಲ್ಲಿ 'ದೀನಾರ'ವಾಯಿತು. ಜೋರ್ಡಾನ್, ಕುವೈತ್, ಸರ್ಬಿಯ ದೇಶಗಳಲ್ಲಿ ಅದು ಇಂದಿಗೂ ಸಲ್ಲುತ್ತಿದೆ. ಗ್ರೀಕರ 'ದ್ರಖ್ಮ' ನಮ್ಮಲ್ಲಿ 'ದ್ರಮ್ಮ'ವೂ ಅರಬರಲ್ಲಿ 'ದಿರ್ಹಮ್' ಕೂಡ ಆಯಿತು. ೨೦೦೨ ರಲ್ಲಿ ಯೂರೋ ನಾಣ್ಯವು ಚಲಾವಣೆಗೆ ಬಂದಾಗ ಗ್ರೀಸಿನಲ್ಲಿಯೇ ಆ ಹಳೆಯ ಹೆಸರು ನಿಂತುಹೋಯಿತು. ಬೆಂಗಳೂರಿನ ಯಶವಂತಪುರದಲ್ಲಿಯೂ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮಕರ ಬೆಳ್ಳಿಯ ನಾಣ್ಯಗಳು ನೆಲದಲ್ಲಿ ದೊರೆತಿರುವುದನ್ನು ನೆನೆದರೆ, ಪರದೇಶದ ನಾಣ್ಯವು ನಮ್ಮ ನಾಡಿಗೆ ಹೊಸ ಅತಿಥಿಯಲ್ಲವೆಂಬುದು ವಿಶದವಾಗುವುದು.

ಸಂಗ್ರಹಕ್ಕೆ ತೊಡಗುವವರು ಒಂದು ಮಿತಿಯನ್ನು ಹಾಕಿಕೊಳ್ಳತಕ್ಕದ್ದು. ಸಿಕ್ಕಿದ್ದನ್ನೆಲ್ಲ ಡಬ್ಬಿಯಲ್ಲಿ ತುಂಬಿದರೆ ಅದು ರಾಶಿಯೇ ಹೊರತು ಸಂಗ್ರಹವಲ್ಲ. ದೇಶಕ್ಕೊಂದರಂತೆ ಕೂಡಿಸಬಹುದು, ಅಥವಾ ಪ್ರಾಣಿಗಳ ಚಿತ್ರವಿರುವವನ್ನೇ ಆರಿಸಬಹುದು. ಆಸ್ಟ್ರೇಲಿಯದ ಒಂದು ಡಾಲರಿನ ಮೇಲೆ ಕಾಂಗರೂಗಳೂ ೨೦ ಸೆಂಟಿನ ಮೇಲೆ ಪ್ಲಾಟಿಪಸ್ಸೂ ಇವೆ. ತೂತಿನ ನಾಣ್ಯಗಳದೇ ಒಂದು ಕುಲವುಂಟು: ನಮ್ಮಲ್ಲಿ ೧೯೪೩ ರಿಂದ ೧೯೪೭ ರವರೆಗೆ ಅಚ್ಚಾದ ತೂತಿನ ಕಾಸು, ನಾರ್ವೆಯ ೫ ಕ್ರೋನೆ, ಜಪಾನಿನ ೫ ಯೆನ್. ಈ ಕೊನೆಯದರ ಮೇಲೆ ಭತ್ತದ ತೆನೆ, ನೀರು, ಹಲ್ಲುಗಾಲಿ ಇವುಗಳಿಂದ ಕೃಷಿ, ಮತ್ಸ್ಯೋದ್ಯಮ, ಯಂತ್ರೋದ್ಯಮಗಳನ್ನು ಸೂಚಿಸಿದ್ದಾರೆ. 'ಗೋ-ಎನ್' ಎಂಬ ಅದರ ಹೆಸರಿಗೆ ಋಣಾನುಬಂಧವೆಂಬ ಧ್ವನಿಯೂ ಇರುವುದರಿಂದ ಅಲ್ಲಿಯ ಜನರು ಅದನ್ನು ದೇವಾಲಯಗಳಲ್ಲಿ ಕಾಣಿಕೆಯಾಗಿ ಹಾಕುವರು.

ವರ್ಷವನ್ನು ಓದುವುದು ಮಕ್ಕಳಿಗೆ ಒಳ್ಳೆಯ ಗಣಿತ. ಥಾಯ್ಲೆಂಡಿನ ನಾಣ್ಯದಲ್ಲಿ ಬುದ್ಧಶಕದ ೨೫೬೦ ಎಂದಿದ್ದರೆ ೫೪೩ನ್ನು ಕಳೆಯಲಾಗಿ ಕ್ರಿ. ಶ. ೨೦೧೭ ಆಗುವುದು. ನೇಪಾಳದ ವಿಕ್ರಮಶಕದಿಂದ ಸುಮಾರು ೫೭ನ್ನು ಕಳೆಯಬೇಕು. ಜಪಾನಿನಲ್ಲಿ ಚಕ್ರವರ್ತಿಯ ಆಳ್ವಿಕೆಯ ಶಕವೇ ಪ್ರಮಾಣ. ೨೦೧೯ ರಲ್ಲಿ ಮೊದಲಾದ ರೇವಾ ಶಕದ ೫ನೆಯ ವರ್ಷವೆಂದರೆ ೨೦೨೩. ಇನ್ನು ಲೋಹಪರೀಕ್ಷೆಗೆ ಒಂದು ಅಯಸ್ಕಾಂತವು ಸಾಕು. ಇಂಗ್ಲೆಂಡಿನ ಪೆನ್ನಿಯು ೧೯೯೨ ರಲ್ಲಿ ಕಂಚಿನಿಂದ ತಾಮ್ರಲೇಪದ ಉಕ್ಕಿಗೆ ಬದಲಾಯಿತು. ಕಣ್ಣಿಗೆ ಎರಡೂ ಒಂದೇ, ಅಯಸ್ಕಾಂತವು ಹೊಸದನ್ನು ಮಾತ್ರ ಹಿಡಿಯುವುದು.

ಇನ್ನು ಮುಖ್ಯವಾದ ಮಾತು. ನಾಣ್ಯವನ್ನು ಎಂದಿಗೂ ಉಜ್ಜಬಾರದು. ಹಬ್ಬದ ಹಿಂದಿನ ದಿನ ತಾಮ್ರದ ಚೊಂಬಿಗೆ ಸಲ್ಲುವ ಹುಣಿಸೆಹಣ್ಣಿನ ಉಪಚಾರವು ನಾಣ್ಯಕ್ಕೆ ಮೃತ್ಯುವೇ ಸರಿ. ನಮ್ಮ ಹಳೆಯ ಶಿಷ್ಯರೊಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಮಯಿಲಿ ಕಾಸೊಂದನ್ನು ನಮಗೆ ತೋರಿಸಿದ್ದರು. ಅವರ ಮುತ್ತಜ್ಜನ ಕಾಲದಿಂದ ದೇವರ ಪೆಟ್ಟಿಗೆಯಲ್ಲಿದ್ದ ಅದನ್ನು ಮನೆಯವರು ಭಕ್ತಿಯಿಂದ ವರ್ಷವರ್ಷವೂ ಬೆಳಗಿ ಬೆಳಗಿ, ಕನ್ನಡದ ಅಕ್ಷರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಳಿಸಿಹೋಗಿದ್ದುವು. ಹೊಳಪು ಬಂದಿತ್ತು, ಮಾತು ಹೋಗಿತ್ತು. ಅಳಿದ ಅಕ್ಷರವನ್ನು ಯಾವ ಅಕ್ಕಸಾಲೆಯೂ ಮರಳಿ ಕೊಡಲಾರನು. ಕಾಲಕ್ರಮದಲ್ಲಿ ಲೋಹದ ಮೇಲೆ ಬರುವ ಕಂದುಬಣ್ಣವು ಕೊಳೆಯಲ್ಲ. ಅದು ಒಳಗಿನ ಲೋಹಕ್ಕೆ ಹೊದಿಕೆ.

ನಾಣ್ಯವನ್ನು ಅಂಚಿನಲ್ಲಿಯೇ ಹಿಡಿಯಬೇಕು. ಬೆರಳಿನ ಬೆವರು ಮುಖಕ್ಕೆ ತಾಗಬಾರದು. ಮೆದುವಾದ ಅಗ್ಗದ ಪ್ಲಾಸ್ಟಿಕ್ ಹಾಳೆಗಳಲ್ಲಿ ಬಹುಕಾಲವಿಟ್ಟರೆ ಹಸಿರು ಅಂಟು ಏಳುವುದುಂಟು. ಆಮ್ಲರಹಿತವಾದ ಕಾಗದದ ಲಕೋಟೆಗಳೇ ಲೇಸು. ಮಳೆಗಾಲದಲ್ಲಿ ತೇವ ತಗುಲದಂತೆ ನೋಡಿಕೊಳ್ಳಬೇಕು. ಲಕೋಟೆಯ ಮೇಲೆ ದೇಶ, ಬೆಲೆ, ವರ್ಷ, ಲೋಹಗಳನ್ನು ಬರೆಯುವುದಲ್ಲದೆ, ಯಾರು ಯಾವಾಗ ತಂದುಕೊಟ್ಟರೆಂಬುದನ್ನೂ ಒಂದು ಪುಸ್ತಕದಲ್ಲಿ ದಾಖಲಿಸತಕ್ಕದ್ದು. ಸೋದರಮಾವನು ತಂದ ಕಾಸಿಗೂ ಅಂಗಡಿಯಲ್ಲಿ ಕೊಂಡ ಕಾಸಿಗೂ ಮಾರುಕಟ್ಟೆಯಲ್ಲಿ ಭೇದವಿಲ್ಲ. ಮನೆಯಲ್ಲಿ ಬಹಳ ಭೇದವುಂಟು.

ಹಳೆಯ ಕಾಸಿಗೆ ಲಕ್ಷಗಟ್ಟಲೆ ಹಣವೆಂದು ಆಸೆ ತೋರಿಸುವವರನ್ನು ನಂಬಲಾಗದು. ವಯಸ್ಸಿನಿಂದಲೇ ಬೆಲೆ ಬರುವುದಿಲ್ಲ; ವಿರಳತೆ, ಸ್ಥಿತಿ, ಬೇಡಿಕೆ ಇವು ಮೂರೂ ಕೂಡಬೇಕು. ಭೂಮಿಯಲ್ಲಿ ನಿಧಿ ಸಿಕ್ಕಿದರೆ ೧೮೭೮ ರ ಕಾಯಿದೆಯ ಮೇರೆಗೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕಾದುದು ಕರ್ತವ್ಯ. ನೂರು ವರ್ಷ ಮೀರಿದ ನಾಣ್ಯಗಳನ್ನು ಪರದೇಶಕ್ಕೆ ಸಾಗಿಸುವುದು ೧೯೭೨ ರ ಕಾಯಿದೆಯಿಂದ ಸಾಮಾನ್ಯರಿಗೆ ನಿಷಿದ್ಧವಾಗಿದೆ.

ಈಗ ತರಕಾರಿಯ ಅಂಗಡಿಯಲ್ಲಿಯೂ ಮೊಬೈಲಿನಿಂದಲೇ ಹಣ ಸಲ್ಲುತ್ತಿರುವುದರಿಂದ, ನಾಣ್ಯವನ್ನು ಕೈಯಲ್ಲಿ ಹಿಡಿದು ಅದರ ಮೇಲಿನ ಅಕ್ಷರವನ್ನು ಓದುವ ಅಭ್ಯಾಸವು ಎಳೆಯರಿಗೆ ತಪ್ಪುತ್ತಿದೆ. ಒಂದು ಭಾನುವಾರ ಮನೆಯ ಖಾನೆಗಳನ್ನು ಸೋಸಿ, ಭೂಪಟವನ್ನು ಹಾಸಿ, ದೊರೆತ ಒಂದೊಂದು ಕಾಸನ್ನೂ ಅದರದರ ದೇಶದ ಮೇಲೆ ಮಗುವಿನ ಕೈಯಿಂದಲೇ ಇಡಿಸಿರಿ. ಹತ್ತು ಕಾಸುಗಳಾದರೂ ಸಾಕು. ಭೂಪಟದಲ್ಲಿ ಬರಿದಾಗಿ ಉಳಿದ ದೇಶಗಳನ್ನು ಕುರಿತು ಮುಂದಿನ ಪ್ರಶ್ನೆಗಳನ್ನು ಮಗುವೇ ಕೇಳುವುದು.