ಕೆಂಪು ಹುಂಜದ ಪಾನಗೃಹದಲ್ಲಿ ಉಪ್ಪಿನ ಪರೀಕ್ಷೆ

ಒಂದು ಮದ್ದಿನ ಗುಣವನ್ನು ತಿಳಿಯಬೇಕಾದರೆ ಅದನ್ನು ರೋಗಿಗೆ ಕೊಟ್ಟು ನೋಡಬೇಕೆ, ಆರೋಗ್ಯವಂತನಿಗೆ ಕೊಟ್ಟು ನೋಡಬೇಕೆ? ರೋಗಿಗೆ ಎಂದೇ ಹೆಚ್ಚಿನವರು ಹೇಳುವರು. ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್ (1755–1843) ಹಾಗೆ ಹೇಳಲಿಲ್ಲ. 1790ರಲ್ಲಿ ಆತನು ಕಲೆನ್ ಎಂಬ ಸ್ಕಾಟ್ಲೆಂಡಿನ ವೈದ್ಯನ ಗ್ರಂಥವನ್ನು ಭಾಷಾಂತರಿಸುತ್ತಿದ್ದಾಗ, ಚಳಿಜ್ವರಕ್ಕೆ ಕೊಡುತ್ತಿದ್ದ ಸಿಂಕೋನ ತೊಗಟೆಯ ಪುಡಿಯನ್ನು ತಾನೇ ಸೇವಿಸಿದನು. ಕೈಕಾಲುಗಳು ತಣ್ಣಗಾದವು, ನಾಡಿ ಚುರುಕಾಯಿತು, ಬಾಯಾರಿಕೆ ತೋರಿತು. ಇವೆಲ್ಲ ಚಳಿಜ್ವರದ ಲಕ್ಷಣಗಳಲ್ಲವೆ ಎಂದು ಆತನಿಗೆ ಅನ್ನಿಸಿತು. ಆರೋಗ್ಯವಂತನಲ್ಲಿ ಯಾವ ಲಕ್ಷಣಗಳನ್ನು ಒಂದು ಪದಾರ್ಥವು ಉಂಟುಮಾಡುವುದೋ, ಅಂತಹ ಲಕ್ಷಣಗಳುಳ್ಳ ರೋಗವನ್ನು ಆ ಪದಾರ್ಥವೇ ಕಳೆಯುವುದೆಂಬ ನಿಯಮವನ್ನು ಆತನು 1796ರಲ್ಲಿ ಪ್ರಕಟಿಸಿದನು. ಹೋಮಿಯೋಪತಿಯ ಮೂಲ ಇದೇ.

ಈ ನಿಯಮವನ್ನು ಒಪ್ಪಿದ ಮೇಲೆ ಪ್ರತಿಯೊಂದು ಮದ್ದನ್ನೂ ಮೊದಲು ಆರೋಗ್ಯವಂತರಿಗೆ ತಿನ್ನಿಸಿ, ಅವರಿಗೆ ಏನೇನಾಯಿತೆಂದು ಬರೆದಿಡಬೇಕಾಗುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ‘ಪ್ರೂವಿಂಗ್’ ಎಂಬ ಹೆಸರು ನಿಂತಿದೆ. ಹಾನಿಮನ್ನನೂ ಆತನ ಶಿಷ್ಯರೂ ತಮ್ಮ ಮೈಮೇಲೆಯೇ ನೂರಾರು ದಿನ ಇದನ್ನು ನಡೆಸಿದರು. ತಲೆಯ ಎಡಭಾಗದಲ್ಲಿ ಚುಚ್ಚಿದಂತಾಯಿತೆ, ಬೆಳಗಿನ ಜಾವ ಕೆಟ್ಟ ಕನಸು ಬಿತ್ತೆ, ಕಾರಣವಿಲ್ಲದೆ ಮನಸ್ಸು ಕುಗ್ಗಿತೆ, ಎಲ್ಲವನ್ನೂ ಗುರುತು ಹಾಕಿಕೊಂಡರು. ಇಂದಿಗೂ ಹೋಮಿಯೋಪತಿ ವೈದ್ಯನು ಗುಳಿಗೆಯನ್ನು ಆರಿಸುವುದು ಬಹುಮಟ್ಟಿಗೆ ಇಂತಹ ಪಟ್ಟಿಗಳನ್ನು ನೋಡಿಯೇ. ನಮ್ಮ ನಾಡಿಗೂ ಈ ಪದ್ಧತಿ ಹೊಸದಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿಯೇ ಬಡವರಿಗಾಗಿ ಹೋಮಿಯೋಪತಿ ಔಷಧಾಲಯವನ್ನು ತೆರೆದಿದ್ದರು. ಆದುದರಿಂದ ಆ ಪಟ್ಟಿಗಳು ಎಷ್ಟು ನಂಬತಕ್ಕವು ಎಂಬ ಪ್ರಶ್ನೆ ಬರಿಯ ಪಂಡಿತರ ವಾದವಲ್ಲ.

ಈ ಪ್ರಶ್ನೆಗೆ ಸರಿಯಾದ ಉತ್ತರ ಹುಡುಕಹೊರಟವರು ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದ ನಾಗರಿಕರು. ಅಲ್ಲಿ ಹೋಮಿಯೋಪತಿಗೆ ಶ್ರೀಮಂತರ ಮನೆಗಳಲ್ಲಿ ಒಳ್ಳೆಯ ಮರ್ಯಾದೆಯಿತ್ತು. ಪಟ್ಟಣದ ಆರೋಗ್ಯಾಧಿಕಾರಿ ಫ್ರೀಡ್ರಿಕ್ ವಿಲ್ಹೆಲ್ಮ್ ಫಾನ್ ಹೋವೆನ್‌ಗೆ ಇದು ಸರಿದೋರಲಿಲ್ಲ. (ಈತನು ಕವಿ ಷಿಲ್ಲರನ ಬಾಲ್ಯಸ್ನೇಹಿತ.) 1834ರಲ್ಲಿ ಆತನು ಗುಪ್ತನಾಮದಿಂದ ಹೋಮಿಯೋಪತಿಯನ್ನು ಖಂಡಿಸಿ ಒಂದು ಪುಸ್ತಕ ಬರೆದನು. ಯೋಹಾನ್ ಯಾಕೋಬ್ ರಾಯ್ಟರ್ ಎಂಬ ಹೋಮಿಯೋಪತಿ ವೈದ್ಯನು ಕೆರಳಿ, ವಾದವೇಕೆ, ಅಡಿಗೆಯ ಉಪ್ಪನ್ನೇ ಮೂವತ್ತನೆಯ ಮಟ್ಟಕ್ಕೆ ತೆಳುವಾಗಿಸಿ ಕುಡಿದು ನೋಡಿರಿ, ಮೈಯಲ್ಲಿ ವಿಶೇಷ ಅನುಭವವಾಗುವುದು ಎಂದು ಹತ್ತಕ್ಕೊಂದರಂತೆ ಪಂದ್ಯ ಒಡ್ಡಿದನು.

ಮೂವತ್ತನೆಯ ಮಟ್ಟವೆಂದರೇನು? ಒಂದು ಗ್ರೇನ್ ಉಪ್ಪನ್ನು, ಎಂದರೆ ಸುಮಾರು 62 ಮಿಲಿಗ್ರಾಂನಷ್ಟನ್ನು, ನೂರು ಹನಿ ನೀರಿನಲ್ಲಿ ಕರಗಿಸುವುದು. ಅದರಿಂದ ಒಂದೇ ಹನಿಯನ್ನು ತೆಗೆದು ಮತ್ತೆ ನೂರು ಹನಿ ನೀರಿಗೆ ಬೆರಸುವುದು. ಹೀಗೆ ಒಟ್ಟು ಮೂವತ್ತು ಸಲ. ಭೌತಶಾಸ್ತ್ರ ಓದಿದವರಿಗೆ ಇಲ್ಲಿ ಲೆಕ್ಕ ಹಾಕದೆ ಇರಲಾಗದು. 58.5 ಗ್ರಾಂ ಉಪ್ಪಿನಲ್ಲಿ ಸೋಡಿಯಂ-ಕ್ಲೋರಿನ್ ಜೋಡಿಗಳ ಸಂಖ್ಯೆ 6ರ ಮುಂದೆ 23 ಸೊನ್ನೆ ಇಟ್ಟಷ್ಟು. ಹಾಗಾದರೆ ಒಂದು ಗ್ರೇನಿನಲ್ಲಿರುವುದು ಸುಮಾರು 6ರ ಮುಂದೆ 20 ಸೊನ್ನೆಯಷ್ಟು ಜೋಡಿಗಳು. ಪ್ರತಿ ಮಟ್ಟದಲ್ಲಿಯೂ ಒಂದು ಹನಿಯೊಳಗಿನ ಜೋಡಿಗಳು ನೂರನೆಯ ಒಂದು ಪಾಲಿಗೆ ಇಳಿಯುತ್ತವೆ, ಎಂದರೆ ಎರಡೆರಡು ಸೊನ್ನೆ ಅಳಿಯುತ್ತವೆ. ಹತ್ತನೆಯ ಮಟ್ಟ ಮುಗಿಯುವಾಗ ಇಪ್ಪತ್ತು ಸೊನ್ನೆಗಳೂ ಹೋಗಿ, ಒಂದು ಹನಿಯಲ್ಲಿ ಸುಮಾರು ಆರು ಜೋಡಿ ಉಳಿದಿರುತ್ತವೆ. ಹನ್ನೊಂದನೆಯದರಲ್ಲಿ ಹದಿನಾರು ಹನಿಗೆ ಒಂದರಂತೆ. ಇನ್ನೂ ಹತ್ತೊಂಬತ್ತು ಮಟ್ಟಗಳು ಬಾಕಿ! ಆ ಹೊತ್ತಿಗೆ ಸೀಸೆಯ ಗಾಜಿನಿಂದ ನೀರಿಗೆ ಇಳಿಯುವ ಸೋಡಿಯಂ ಹಾನಿಮನ್ನನ ಉಪ್ಪಿಗಿಂತ ಎಷ್ಟೋ ಪಾಲು ಹೆಚ್ಚು. ಇತ್ತ ನಾವು ದಿನವೂ ಸಾರು ಪಲ್ಯಗಳೊಡನೆ ಹಲವು ಗ್ರಾಂ ಉಪ್ಪನ್ನು ನುಂಗುತ್ತಲೇ ಇದ್ದೇವೆ.

ಆದರೆ ಒಂದು ಮಾತನ್ನು ಮರೆಯಬಾರದು. 1835ರಲ್ಲಿ ಈ ಲೆಕ್ಕ ಯಾರಿಗೂ ಸಾಧ್ಯವಿರಲಿಲ್ಲ. ಅಣುಗಳ ಗಾತ್ರವನ್ನು ಲೋಷ್ಮಿಟ್ ಅಂದಾಜು ಮಾಡಿದ್ದು 1865ರಲ್ಲಿ. ನ್ಯೂರೆಂಬರ್ಗಿನವರ ಕೈಯಲ್ಲಿದ್ದುದು ಪ್ರಯೋಗವೊಂದೇ. ನಮ್ಮ ಲೆಕ್ಕಕ್ಕಿಂತ ಅವರ ಪ್ರಯೋಗವೇ ಮೇಲೆಂದು ನಮಗೆ ತೋರುತ್ತದೆ. ಏಕೆಂದರೆ ಹೋಮಿಯೋಪತಿಯವರು ಅಣುವಿಲ್ಲದಿದ್ದರೂ ಗುಣವಿದೆ ಎನ್ನುವರು. ಗುಣವಿದೆಯೇ ಇಲ್ಲವೇ ಎಂಬುದನ್ನು ಪ್ರಯೋಗವು ನೇರವಾಗಿ ಕೇಳುತ್ತದೆ.

1835ರ ಫೆಬ್ರುವರಿ 19ರಂದು ಊರಿನ ‘ಕೆಂಪು ಹುಂಜ’ ಎಂಬ ಪಾನಗೃಹದಲ್ಲಿ ನೂರಿಪ್ಪತ್ತಕ್ಕೂ ಮೇಲ್ಪಟ್ಟು ಜನ ಸೇರಿದರು. ‘ಸತ್ಯಪ್ರಿಯರ ಸಂಘ’ವೆಂದು ಅವರು ತಮ್ಮನ್ನು ಕರೆದುಕೊಂಡರು. ನೂರು ಸಣ್ಣ ಸೀಸೆಗಳಿಗೆ ಅಂಕಿ ಹಾಕಿ, ಚೆನ್ನಾಗಿ ಕಲಸಿ, ಐವತ್ತೈವತ್ತರ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಿಮದ ನೀರನ್ನು ಭಟ್ಟಿಯಿಳಿಸಿ ತುಂಬಿದರು. ಇನ್ನೊಂದಕ್ಕೆ ಅದೇ ನೀರಿನಲ್ಲಿ ಮೂವತ್ತು ಮಟ್ಟ ಇಳಿಸಿದ ಉಪ್ಪನ್ನು ತುಂಬಿದರು. ಯಾವ ಅಂಕಿಯ ಸೀಸೆಯಲ್ಲಿ ಏನಿದೆಯೆಂಬ ಪಟ್ಟಿಯನ್ನು ಮುದ್ರೆಯೊತ್ತಿ ಇಟ್ಟರು. ಅನಂತರ ಮತ್ತೆ ಕಲಸಿ ಹಂಚಿದರು. 54 ಜನ ಸೀಸೆಗಳನ್ನು ಪಡೆದರು. ಕುಡಿಯುವವನಿಗೂ ತಾನು ಕುಡಿದುದೇನೆಂದು ತಿಳಿಯದು. ಹೇಗಾಯಿತೆಂದು ಕೇಳಿ ಬರೆದುಕೊಳ್ಳುವವನಿಗೂ ತಿಳಿಯದು.

ಹೀಗೇಕೆ ಇಷ್ಟು ಮುಚ್ಚುಮರೆ? ಕಾಲೇಜಿನ ಪ್ರಯೋಗಶಾಲೆಯಲ್ಲಿ ಲೋಲಕವನ್ನು ತೂಗಿಸಿ ಗುರುತ್ವದ ಬೆಲೆಯನ್ನು ಕಂಡುಹಿಡಿದವರಿಗೆ ಇದು ಸುಲಭವಾಗಿ ಅರ್ಥವಾಗುವುದು. ಉತ್ತರ 980ರ ಸುತ್ತ ಬರಬೇಕೆಂದು ಮೊದಲೇ ಬಲ್ಲ ವಿದ್ಯಾರ್ಥಿಯ ಬೆರಳು ಗಡಿಯಾರದ ಗುಂಡಿಯನ್ನು ಅದಕ್ಕೆ ತಕ್ಕಂತೆಯೇ ಒತ್ತುತ್ತದೆ! ಅವನು ಸುಳ್ಳುಗಾರನಲ್ಲ, ನಿರೀಕ್ಷೆಯೇ ಅವನ ಕೈಹಿಡಿದು ನಡೆಸುತ್ತದೆ. ತನ್ನ ಮೈಯ ನೋವುನರಳಿಕೆಗಳನ್ನು ತಾನೇ ಗಮನಿಸಬೇಕಾದಾಗಲಂತೂ ಹೇಳಬೇಕಾದುದೇ ಇಲ್ಲ.

ಮೂರು ವಾರಗಳಾದ ಮೇಲೆ 50 ಜನರಿಂದ ವರದಿ ಬಂದಿತು. 42 ಜನರಿಗೆ ಏನೂ ಆಗಿರಲಿಲ್ಲ. 8 ಜನರಿಗೆ ಏನೋ ವಿಶೇಷ ಕಂಡಿತ್ತು. ಮುದ್ರೆಯೊಡೆದು ನೋಡಿದಾಗ ಆ ಎಂಟರಲ್ಲಿ ಐವರು ಉಪ್ಪಿನವರು, ಮೂವರು ಬರಿಯ ನೀರಿನವರು.

ಐದು ಮೂರಕ್ಕಿಂತ ಹೆಚ್ಚಲ್ಲವೆ, ಉಪ್ಪು ಗೆದ್ದಿತಲ್ಲ, ಎಂದು ಯಾರಾದರೂ ಕೇಳಬಹುದು. ಮದ್ದಿಗೆ ಏನೂ ಗುಣವಿಲ್ಲದಿದ್ದರೆ, ಆ ಎಂಟು ಜನರಲ್ಲಿ ಪ್ರತಿಯೊಬ್ಬನೂ ಉಪ್ಪಿನವನೋ ನೀರಿನವನೋ ಎಂಬುದು ನಾಣ್ಯ ಚಿಮ್ಮಿದಂತೆ. ಎಂಟು ನಾಣ್ಯಗಳನ್ನು ಚಿಮ್ಮಿದರೆ 256 ಬಗೆಯಲ್ಲಿ ಬೀಳಬಹುದು. ಐದು ತಲೆ 56 ಬಗೆ, ಆರು 28, ಏಳು 8, ಎಂಟು 1, ಕೂಡಿದರೆ 93. ಎಂದರೆ ಐದು ಅಥವಾ ಹೆಚ್ಚು ತಲೆಗಳು ಮೂರು ಸಲಕ್ಕೆ ಒಂದು ಸಲಕ್ಕಿಂತ ಹೆಚ್ಚಾಗಿಯೇ ಬೀಳುತ್ತವೆ. ಇಷ್ಟನ್ನು ನೆಚ್ಚಿ ಯಾವ ವ್ಯಾಪಾರಿಯೂ ಹಣ ಹೂಡಲಾರ. ಇನ್ನೊಂದು ಕಡೆಯಿಂದಲೂ ನೋಡಬಹುದು. ಐವತ್ತರಲ್ಲಿ ಸುಮಾರು ಅರ್ಧದಷ್ಟು ಜನ ಉಪ್ಪನ್ನು ಕುಡಿದಿದ್ದರು. ರಾಯ್ಟರನ ಪಂದ್ಯದಂತೆ ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಅನುಭವವಾಗಬೇಕಿತ್ತು. ಆದುದು ಐವರಿಗೆ.

ಪ್ರಯೋಗದಲ್ಲಿ ಕೊರತೆಗಳಿಲ್ಲವೆಂದಲ್ಲ. ಪಾನಗೃಹಕ್ಕೆ ಬಂದವರಲ್ಲಿ ಮೊದಲೇ ನಂಬಿಕೆಯಿಲ್ಲದವರು ಎಷ್ಟೋ ಮಂದಿ ಇದ್ದಿರಬಹುದು. ಅಂತಹವರು ಸಣ್ಣ ಅನುಭವವನ್ನು ಲೆಕ್ಕಿಸದೆ ಬಿಟ್ಟಿರಬಹುದು. ಐವತ್ತು ಜನರ ಪರೀಕ್ಷೆಯಲ್ಲಿ ಬಹು ದುರ್ಬಲವಾದ ಪರಿಣಾಮ ಕಣ್ಣಿಗೆ ಬೀಳದೆ ಹೋಗುವುದೂ ಸಾಧ್ಯ. ಆದರೂ ಪರೀಕ್ಷೆಗೆ ಗುರಿಯಾದುದು ರಾಯ್ಟರನ ದೊಡ್ಡ ಮಾತು. ಅದನ್ನು ಅಳೆಯಲು ಈ ತಕ್ಕಡಿ ಸಾಕಾಗಿತ್ತು. ಜರ್ಮನಿಯ ಮೊದಲನೆಯ ಉಗಿರೈಲು ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಊರಿನಿಂದ ಫ್ಯೂರ್ಟ್‌ಗೆ ಹೊರಟಿತು. ರೈಲನ್ನು ಎಲ್ಲರೂ ನೆನೆಯುತ್ತಾರೆ. ಗೆಯೋರ್ಗ್ ಲೋನರ್ ಎಂಬ ಪತ್ರಿಕಾ ಸಂಪಾದಕನು ಅಚ್ಚುಹಾಕಿಸಿದ ಈ ಪರೀಕ್ಷೆಯ ವರದಿಯನ್ನು ಬಹುಕಾಲ ಜನ ಮರೆತೇಬಿಟ್ಟರು.

ನಮಗೆ ಹೆಚ್ಚು ಕುತೂಹಲವೆನಿಸುವವರು ನೀರು ಕುಡಿದ ಆ ಮೂವರು. ಬರಿಯ ನೀರಿನಿಂದ ಅವರಿಗೆ ಏನಾಯಿತು? 1968ರಲ್ಲಿ ಅಮೆರಿಕದ ರೀಡೆನ್‌ಬರ್ಗ್ ಮತ್ತು ಲೋವೆಂತಾಲ್ ಎಂಬ ವೈದ್ಯರು, ಯಾವ ಔಷಧವನ್ನೂ ಸೇವಿಸದ 414 ಮಂದಿ ಆರೋಗ್ಯವಂತ ವಿದ್ಯಾರ್ಥಿಗಳನ್ನೂ ಆಸ್ಪತ್ರೆಯ ನೌಕರರನ್ನೂ ಹಿಂದಿನ ಮೂರು ದಿನಗಳ ಬಗ್ಗೆ ವಿಚಾರಿಸಿದರು. ತಲೆನೋವು, ಆಯಾಸ, ಮೂಗುಕಟ್ಟು, ಏಕಾಗ್ರತೆಯಿಲ್ಲದಿರುವುದು ಮೊದಲಾದುವುಗಳಲ್ಲಿ ಒಂದೂ ಇಲ್ಲವೆಂದವರು ನೂರಕ್ಕೆ 19 ಮಂದಿ ಮಾತ್ರ! ಆರೋಗ್ಯವಂತನ ದೇಹ ಮೌನವಾಗಿರುವುದಿಲ್ಲ. ಯಾವಾಗಲೂ ಏನಾದರೊಂದು ಪಿಸುಗುಟ್ಟುತ್ತಲೇ ಇರುತ್ತದೆ. ಕಿವಿಗೊಟ್ಟು ಕೇಳಿ ಬರೆದುಕೋ ಎಂದರೆ ಪಟ್ಟಿ ಬೆಳೆಯದೆ ಏನಾದೀತು? ಪಕ್ಕದಲ್ಲಿ ಬರಿಯ ನೀರು ಕುಡಿದವರ ಪಟ್ಟಿ ಇಲ್ಲದಿದ್ದರೆ ಇವುಗಳಲ್ಲಿ ಮದ್ದಿನದು ಯಾವುದು, ಮೈಯದು ಯಾವುದು ಎಂದು ಬೇರ್ಪಡಿಸುವ ದಾರಿಯೇ ಇಲ್ಲ. ಹಾನಿಮನ್ನನ ಸಿಂಕೋನಕ್ಕೂ ಇದೇ ಮಾತು ಹೊಂದುತ್ತದೆ.

1945ರಿಂದ 1995ರವರೆಗೆ ನಡೆದ 156 ಪ್ರೂವಿಂಗುಗಳನ್ನು ಕೆಲವರು ಕೂಡಿಸಿ ಪರಿಶೀಲಿಸಿ, 2007ರಲ್ಲಿ ಹೋಮಿಯೋಪತಿಯವರದೇ ಪತ್ರಿಕೆಯಲ್ಲಿ ಪ್ರಕಟಿಸಿದರು. 2,815 ಸ್ವಯಂಸೇವಕರಿಂದ 20,538 ಲಕ್ಷಣಗಳು ದಾಖಲಾಗಿದ್ದವು. ಹೆಚ್ಚಿನ ಪರೀಕ್ಷೆಗಳ ಕ್ರಮ ಸಮರ್ಪಕವಾಗಿರಲಿಲ್ಲವೆಂದು ಅವರೇ ತೀರ್ಮಾನಿಸಿದರು. ಕ್ರಮವರಿತು ನಡೆದ ಒಂದು ಪರೀಕ್ಷೆಯೆಂದರೆ ಬ್ರಿಟನ್ನಿನ ಬ್ರಿಯನ್, ಲೆವಿತ್, ಬ್ರ್ಯಾಂಟ್ ಎಂಬವರು 2003ರಲ್ಲಿ ಪ್ರಕಟಿಸಿದ್ದು. 206 ಆರೋಗ್ಯವಂತರಲ್ಲಿ ಕೆಲವರಿಗೆ ಮೂವತ್ತನೆಯ ಮಟ್ಟದ ಬೆಲ್ಲಡೋನ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿಗುಳಿಗೆ. ‘ಮದ್ದಿನ ಲಕ್ಷಣ’ ಕಂಡವರ ಪ್ರಮಾಣ ಬೆಲ್ಲಡೋನದ ಗುಂಪಿನಲ್ಲಿಯೂ ಹುಸಿಗುಳಿಗೆಯ ಗುಂಪಿನಲ್ಲಿಯೂ ಹೆಚ್ಚುಕಡಿಮೆ ಒಂದೇ ಆಗಿತ್ತು.

ಓದುಗರಲ್ಲಿ ಆಸಕ್ತಿಯುಳ್ಳವರು ಇದರ ಒಂದು ಭಾಗವನ್ನು ಖರ್ಚಿಲ್ಲದೆ ತಮ್ಮ ತರಗತಿಯಲ್ಲಿಯೇ ಮಾಡಿ ನೋಡಬಹುದು. ಔಷಧವೂ ಬೇಡ, ನೀರೂ ಬೇಡ. ಮದ್ದು ಸೇವಿಸದಿರುವ ಐವತ್ತು ಸಹಪಾಠಿಗಳು ಮೂರು ದಿನ ಬೆಳಿಗ್ಗೆ ಸಂಜೆ ತಮ್ಮ ಮೈಮನಸ್ಸುಗಳಲ್ಲಿ ಕಂಡುದನ್ನೆಲ್ಲ ಹೆಸರು ಹಾಕದ ಚೀಟಿಯಲ್ಲಿ ಬರೆಯಲಿ. ನಾಲ್ಕನೆಯ ದಿನ ಚೀಟಿಗಳನ್ನು ಕೂಡಿಸಿ, ಖಾಲಿಯಾಗಿ ಬಂದವು ಎಷ್ಟೆಂದು ಎಣಿಸಿರಿ.